ಲಿನಕ್ಸ್ ಕೆಟ್ಟಾಗ ಮೊದಲ ಪ್ರಶ್ನೆ: ಇದು ಸ್ಟೇಬಲ್ಲಾ, ಡೆವಲಪ್‌ಮೆಂಟ್ ಬಿಲ್ಡಾ?

2024ರ ಮಾರ್ಚ್ ನಡುವಿನ ಒಂದು ಬೆಳಿಗ್ಗೆ. ಗಂಗಾವತಿ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯಿಂದ ಫೋನ್ ಬಂತು. “ಸರ್, ಪರದಿ ಪೂರಾ ಕಪ್ಪಾಗೇತಿ. ಬರೀ ಒಂದು ಸಾಲು ಅಕ್ಷರ ಕಾಣಾಕತ್ತೈತಿ.”

ನಾನು ಹೋಗುವಷ್ಟರಲ್ಲಿ ಅಂಗಡಿ ಮುಂದೆ ಏಳೆಂಟು ಜನ ಅರ್ಜಿ ಹಿಡಿದು ನಿಂತಿದ್ದರು. ಪರದೆ ಮೇಲೆ ಲಾಗಿನ್ ಅನ್ನುವ ಒಂದು ಸಾಲು, ಅದರ ಪಕ್ಕ ಮಿಣುಕುವ ಗೆರೆ, ಅಷ್ಟೇ. ಡೆಸ್ಕ್‌ಟಾಪ್ ಇಲ್ಲ, ಮೌಸ್ ಬಾಣ ಇಲ್ಲ. ಮದರ್‌ಬೋರ್ಡ್ ಹೋಗಿದೆ ಅಂತ ಒಬ್ಬರು, ರಾತ್ರಿ ಕರೆಂಟ್ ಏರಿಳಿತವಾಯಿತು ಅಂತ ಇನ್ನೊಬ್ಬರು. ಅಂಗಡಿಯ ಹುಡುಗ ಆಗಲೇ ಕೇಬಲ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ್ದ.

ಆ ಮೆಷಿನ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿಕೊಟ್ಟವನು ನಾನೇ. ಒಂದು ವರ್ಷದ ಹತ್ತಿರ ಏನೂ ತಕರಾರಿಲ್ಲದೆ ಓಡಿತ್ತು. ಅದಕ್ಕೇ ಲಾಗಿನ್ ಆಗಿ ನೇರವಾಗಿ ಎಪಿಟಿಯ, ಅಂದರೆ ತಂತ್ರಾಂಶ ಹಾಕುವ-ತೆಗೆಯುವ ಸಾಧನದ, ದಿನಚರಿ ತೆಗೆದೆ. ವರ್ ಫೋಲ್ಡರ್, ಅದರೊಳಗೆ ಲಾಗ್, ಅದರೊಳಗೆ ಎಪಿಟಿ, ಅಲ್ಲಿ ಹಿಸ್ಟರಿ ಡಾಟ್ ಲಾಗ್ ಅನ್ನುವ ಫೈಲ್. ಕೊನೆಯ ದಾಖಲೆ ಹಿಂದಿನ ಸಂಜೆಯದು. ಕಮಾಂಡ್‌ಲೈನ್ ಅಂತ ಇದ್ದ ಕಡೆ “ಎಪಿಟಿ ಫುಲ್-ಅಪ್‌ಗ್ರೇಡ್”. ಕೆಳಗೆ ಇನ್‌ಸ್ಟಾಲ್ ಸಾಲು, ಅಪ್‌ಗ್ರೇಡ್ ಸಾಲು, ಆಮೇಲೆ ಪರದೆ ತುಂಬುವಷ್ಟು ಉದ್ದದ ರಿಮೂವ್ ಸಾಲು. ಡೆಸ್ಕ್‌ಟಾಪ್ ಆ ಸಾಲಿನಲ್ಲಿತ್ತು. ಲಾಗಿನ್ ಪರದೆ ಅದರಲ್ಲಿತ್ತು. ಲಿಬ್ರೆಆಫೀಸ್ ಕೂಡ ಅದರಲ್ಲೇ ಇತ್ತು. ಮೇಲಿನ ಇನ್‌ಸ್ಟಾಲ್ ಸಾಲಿನಲ್ಲಿ ಎಷ್ಟೋ ಲೈಬ್ರರಿಗಳ (ಬೇರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ತುಣುಕುಗಳ) ಹೆಸರಿನ ಬಾಲಕ್ಕೆ “ಟಿ64” ಅಂತ ಅಂಟಿಕೊಂಡಿತ್ತು.

ಆ ಬಾಲ ನೋಡಿದ ಕೂಡಲೇ ಗೊತ್ತಾಯಿತು. ಇದು ಸ್ಟೇಬಲ್‌ನಲ್ಲಿ, ಅಂದರೆ ಸೋಸಿ ಬಿಡುಗಡೆ ಮಾಡಿದ ಆವೃತ್ತಿಯಲ್ಲಿ, ಬರುವ ಹೆಸರಲ್ಲ. ಡೆಬಿಯನ್ 12ರಲ್ಲಿ ಟಿ64 ಬಾಲದ ಲೈಬ್ರರಿಗಳೇ ಇಲ್ಲ.

ಕೇಳಿದಾಗ ಹುಡುಗ ಮುಚ್ಚುಮರೆ ಮಾಡಲಿಲ್ಲ. ಗಿರಾಕಿಯೊಬ್ಬರ ಕಡತ ತೆರೆದಾಗ ಪುಟಗಳು ಅಸ್ತವ್ಯಸ್ತವಾಗಿದ್ದವಂತೆ. ಹೊಸ ಲಿಬ್ರೆಆಫೀಸ್ ಹಾಕಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದ್ದಾರೆ. ತಂತ್ರಾಂಶ ಎಲ್ಲಿಂದ ತರಬೇಕು ಅಂತ ಹೇಳುವ ಎಪಿಟಿಯ ಸೋರ್ಸಸ್ ಫೈಲಿಗೆ “ಸಿಡ್” ಅನ್ನುವ ಒಂದು ಸಾಲು ಸೇರಿಸಿ, ಪೂರ್ತಿ ಅಪ್‌ಗ್ರೇಡ್ ಕೊಟ್ಟು, ಕೇಳಿದ ಪ್ರಶ್ನೆಗೆ ವೈ ಒತ್ತಿದ್ದಾನೆ. ಒಂದೇ ಒಂದು ಸಾಲು. ಅದರಿಂದ ಮೆಷಿನ್ ಸ್ಟೇಬಲ್‌ನಿಂದ ನೇರ ಡೆವಲಪ್‌ಮೆಂಟ್, ಅಂದರೆ ಇನ್ನೂ ಕಟ್ಟುತ್ತಿರುವ ಬಿಲ್ಡ್ ಕಡೆಗೆ ಜಾರಿತ್ತು.

ಅವತ್ತಿನಿಂದ ಯಾರ ಲಿನಕ್ಸ್ ಕೆಟ್ಟರೂ ನಾನು ಮೊದಲು ನೋಡುವುದು ಇದನ್ನೇ: ಈ ಮೆಷಿನ್ ಯಾವ ಬಿಲ್ಡ್ ಮೇಲೆ ನಿಂತಿದೆ?

ಈ ಪ್ರಶ್ನೆ ಯಾಕೆ ಮೊದಲು

ಗಂಗಾವತಿಯವರಿಗೆ ಅಕ್ಕಿ ಬಗ್ಗೆ ಹೇಳಿಕೊಡಬೇಕಿಲ್ಲ. ಈಗಷ್ಟೇ ಕೊಯ್ದ ಭತ್ತದ ಅಕ್ಕಿಯ ಅನ್ನ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ವರ್ಷ ಇಟ್ಟ ಹಳೆ ಸೋನಾಮಸೂರಿ ಉದುರುದುರಾಗಿ ಆಗುತ್ತದೆ. ಹೊಸ ಅಕ್ಕಿ ಅನ್ನ ಮುದ್ದೆಯಾದರೆ ಯಾರೂ ಕುಕ್ಕರ್ ರಿಪೇರಿಗೆ ಕೊಡುವುದಿಲ್ಲ, ಅಲ್ವಾ? ಹಳೆ ಅಕ್ಕಿ ಅನ್ನ ಮುದ್ದೆಯಾದರೆ ಮಾತ್ರ ನೀರು ಜಾಸ್ತಿ ಆಯ್ತಾ, ಸೀಟಿ ಎಷ್ಟು ಹೊಡೆಯಿತು ಅಂತ ವಿಚಾರಿಸುತ್ತೇವೆ.

ಲಿನಕ್ಸ್‌ನಲ್ಲೂ ಹೀಗೇ. ಸ್ಟೇಬಲ್ ಮೆಷಿನ್ ನಿನ್ನೆ ಓಡಿ ಇವತ್ತು ಕೆಟ್ಟರೆ, ಕಾರಣ ಹೆಚ್ಚಾಗಿ ನಿಮ್ಮ ಕೋಣೆಯಲ್ಲೇ ಇರುತ್ತದೆ: ಹಾರ್ಡ್‌ವೇರ್, ತುಂಬಿದ ಡಿಸ್ಕ್, ಹೊರಗಿಂದ ತಂದ ಡ್ರೈವರ್, ಯಾರೋ ಬದಲಿಸಿದ ಸೆಟ್ಟಿಂಗ್. ಡೆವಲಪ್‌ಮೆಂಟ್ ಬಿಲ್ಡ್ ನಿನ್ನೆ ಓಡಿ ಇವತ್ತು ಕೆಟ್ಟರೆ, ನೀವು ಏನೂ ಮಾಡಿರಬೇಕಿಲ್ಲ. ಬೇರೆ ದೇಶದಲ್ಲಿ ಕೂತವರು ನಿನ್ನೆ ಒಂದು ಪ್ಯಾಕೇಜ್ (ಕಟ್ಟಿಟ್ಟ ತಂತ್ರಾಂಶದ ಗಂಟು) ಬದಲಿಸಿರುತ್ತಾರೆ, ಅಷ್ಟೇ. ಲಕ್ಷಣ ಒಂದೇ, ಹುಡುಕಬೇಕಾದ ಜಾಗ ಬೇರೆ. ಇದು ಗೊತ್ತಿಲ್ಲದೆ ಶುರು ಮಾಡಿದರೆ ದಿನಗಟ್ಟಲೆ ಸುಮ್ನೆ ಕೇಬಲ್ ಬಿಚ್ಚಿ ಹಾಕುತ್ತಾ ಕೂರಬೇಕಾಗುತ್ತದೆ.

ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜ್ ಮೊದಲು ಅನ್‌ಸ್ಟೇಬಲ್‌ಗೆ ಬರುತ್ತದೆ. ಅದರ ಹೆಸರೇ ಸಿಡ್, ಅದು ಎಂದೂ ಬದಲಾಗುವುದಿಲ್ಲ. ಅಲ್ಲಿ ಕೆಲವು ದಿನ ಇದ್ದು, ಹೊಸ ಗಂಭೀರ ದೋಷ ಕಾಣದಿದ್ದರೆ ಟೆಸ್ಟಿಂಗ್‌ಗೆ ಇಳಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಅನ್ನು ಫ್ರೀಜ್ ಮಾಡುತ್ತಾರೆ. ಅಂದರೆ ಹೊಸತಕ್ಕೆ ಬಾಗಿಲು ಹಾಕಿ, ತಿದ್ದುಪಡಿಗೆ ಮಾತ್ರ ಕಿಟಕಿ ತೆರೆದಿಡುತ್ತಾರೆ. ಹಾಗೆ ತಿಂಗಳುಗಟ್ಟಲೆ ಸೋಸಿದ ಮೇಲೆ ಸ್ಟೇಬಲ್ ಬರುತ್ತದೆ. ಡೆಬಿಯನ್ 12 ಬಂದದ್ದು 2023ರ ಜೂನ್ 10ಕ್ಕೆ, 13 ಬಂದದ್ದು 2025ರ ಆಗಸ್ಟ್ 9ಕ್ಕೆ. ಬಂದ ಮೇಲೆ ಅದರಲ್ಲಿನ ಬಹುಪಾಲು ತಂತ್ರಾಂಶಗಳ ಆವೃತ್ತಿ ಬದಲಾಗುವುದಿಲ್ಲ. ಭದ್ರತೆಯ ತೂತುಗಳನ್ನು ಅದೇ ಹಳೆ ಆವೃತ್ತಿಯಲ್ಲೇ ಮುಚ್ಚುತ್ತಾರೆ.

ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. “ಹಳೆ ಆವೃತ್ತಿ ಇದೆ, ಅಂದರೆ ಅಪಾಯ” ಅಂದುಕೊಳ್ಳುತ್ತಾರೆ. ಪ್ಯಾಕೇಜ್ ಸಂಖ್ಯೆಯ ಬಾಲದಲ್ಲಿ ಡೆಬ್12ಯು1, ಡೆಬ್12ಯು2 ಅಂತ ಇದ್ದರೆ, ಆ ಹಳೆ ಆವೃತ್ತಿಗೆ ತೇಪೆ ಬಿದ್ದಿದೆ ಅಂತ ಅರ್ಥ. ಹಳೆಯದು ಹೌದು, ಹರಿದದ್ದು ಅಲ್ಲ.

ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು ಆರು ತಿಂಗಳಿಗೊಮ್ಮೆ ಬರುತ್ತದೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್‌ಗೆ (ದೀರ್ಘಕಾಲದ ಆವೃತ್ತಿಗೆ) 5 ವರ್ಷದ ಆಸರೆ ಇದೆ, ನಡುವಿನವಕ್ಕೆ 9 ತಿಂಗಳು ಮಾತ್ರ. ಫೆಡೋರಾದಲ್ಲಿ ಸದಾ ಹರಿಯುವ ಡೆವಲಪ್‌ಮೆಂಟ್ ಕವಲಿಗೆ ರಾಹೈಡ್ ಅಂತ ಹೆಸರು.

ಬಿಲ್ಡ್ ಪತ್ತೆ ಮಾಡುವುದು

ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.

ಇಟಿಸಿ ಫೋಲ್ಡರಿನಲ್ಲಿ ಓಎಸ್-ರಿಲೀಸ್ ಅನ್ನುವ ಫೈಲ್ ಇದೆ. ಕ್ಯಾಟ್ ಕಮಾಂಡ್ ಕೊಟ್ಟು ಓದಿ. ಡೆಬಿಯನ್ ಸ್ಟೇಬಲ್ ಆದರೆ 12 ಅಥವಾ 13 ಅಂತ ಸಂಖ್ಯೆ ಕಾಣುತ್ತದೆ. ಸಂಖ್ಯೆಯ ಬದಲು “ಟ್ರಿಕ್ಸಿ/ಸಿಡ್” ಅಥವಾ “ಫೋರ್ಕಿ/ಸಿಡ್” ಅಂತ ಓರೆಗೆರೆ ಇರುವ ಹೆಸರು ಕಂಡರೆ ಅದು ಟೆಸ್ಟಿಂಗ್ ಅಥವಾ ಅನ್‌ಸ್ಟೇಬಲ್. ಉಬುಂಟುವಿನಲ್ಲಿ ಹೆಸರಿನ ಕೊನೆಗೆ “ಡೆವಲಪ್‌ಮೆಂಟ್ ಬ್ರಾಂಚ್” ಅಂತ ಬರುತ್ತದೆ. ಫೆಡೋರಾದಲ್ಲಿ “ರಾಹೈಡ್” ಅಥವಾ “ಪ್ರೀರಿಲೀಸ್”.

ಆದರೆ ಈ ಒಂದು ಫೈಲನ್ನೇ ನಂಬಬೇಡಿ. ಅರ್ಧಂಬರ್ಧ ಬೆರೆತ ಮೆಷಿನ್‌ನಲ್ಲಿ ಅದು ಇನ್ನೂ 12 ಅಂತಲೇ ಹೇಳುತ್ತಿರಬಹುದು. ಅದಕ್ಕೆ ಎರಡನೆಯ ಪರೀಕ್ಷೆ: “ಎಲ್‌ಡಿಡಿ” ಅಂತ ಹೊಡೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ “ವರ್ಷನ್” ಅನ್ನಿ. ಮೊದಲ ಸಾಲಿನ ಕೊನೆಯಲ್ಲಿ ಜಿಲಿಬ್‌ಸಿ ಸಂಖ್ಯೆ ಬರುತ್ತದೆ. ಡೆಬಿಯನ್ 12ಕ್ಕೆ ಅದು 2.36, ಡೆಬಿಯನ್ 13ಕ್ಕೆ 2.41. ಉಬುಂಟು 22.04ಕ್ಕೆ 2.35, 24.04ಕ್ಕೆ 2.39. ಉಳಿದ ಬಹುತೇಕ ತಂತ್ರಾಂಶ ನಿಂತಿರುವುದೇ ಈ ಲೈಬ್ರರಿ ಮೇಲೆ. ಇರಬೇಕಾದ ಸಂಖ್ಯೆಗಿಂತ ದೊಡ್ಡದು ಕಂಡರೆ ಅಡಿಪಾಯವೇ ಬದಲಾಗಿದೆ ಅಂತ ತಿಳಿಯಿರಿ.

ಮೂರನೆಯದು “ಎಪಿಟಿ ಪಾಲಿಸಿ”. ಯಾವ ಯಾವ ಕಣಜದಿಂದ ಪ್ಯಾಕೇಜ್ ಬರುತ್ತಿದೆ ಅಂತ ಇದು ಸಾಲಾಗಿ ತೋರಿಸುತ್ತದೆ. ಪಕ್ಕದಲ್ಲಿ 500, 100 ಅಂತ ಆದ್ಯತೆಯ ಅಂಕಿ ಇರುತ್ತದೆ. ಬುಕ್‌ವರ್ಮ್ (ಡೆಬಿಯನ್ 12ರ ಕೋಡ್‌ನೇಮ್) ಸಾಲುಗಳ ನಡುವೆ ಒಂದು ಸಿಡ್ ಸಾಲು 500ರಲ್ಲಿ ಕೂತಿದ್ದರೆ, ಎಪಿಟಿ ಎರಡನ್ನೂ ಸಮವಾಗಿ ನೋಡಿ ದೊಡ್ಡ ಆವೃತ್ತಿಯನ್ನೇ ಆರಿಸುತ್ತದೆ. ದೊಡ್ಡ ಆವೃತ್ತಿ ಬಹುತೇಕ ಸಿಡ್‌ನದೇ. ಅಂಗಡಿಯಲ್ಲಿ ಆಗಿದ್ದು ಇದೇ. ಡೆಬಿಯನ್‌ನವರು ಹೀಗೆ ಬೆರೆಸಿದ್ದಕ್ಕೆ ಫ್ರಾಂಕನ್‌ಡೆಬಿಯನ್ ಅಂತ ಹೆಸರಿಟ್ಟು, ಮಾಡಬೇಡಿ ಅಂತ ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ.

ಸೋರ್ಸಸ್ ಫೈಲಿನಲ್ಲಿ ಹೆಸರಿನ ಜಾಗದಲ್ಲಿ ಬರೀ “ಸ್ಟೇಬಲ್” ಅಂತ ಇದ್ದರೂ ಎಚ್ಚರ. ಆ ಪದ ಯಾವತ್ತೂ ಇತ್ತೀಚಿನ ಸ್ಟೇಬಲ್ ಕಡೆಗೇ ತೋರಿಸುತ್ತದೆ. 2025ರ ಆಗಸ್ಟ್ 9ರವರೆಗೆ ಅದು 12. ಮಾರನೆಯ ದಿನ ಅದೇ ಸಾಲು 13. ಕೋಡ್‌ನೇಮ್ ಬದಲಾಗಿದೆ, ಒಪ್ಪುತ್ತೀರಾ ಅಂತ ಎಪಿಟಿ ಕೇಳುತ್ತದೆ. ನಾವು ಓದದೆ ವೈ ಒತ್ತುತ್ತೇವೆ. ಬುಕ್‌ವರ್ಮ್ (12), ಟ್ರಿಕ್ಸಿ (13) ಅಂತ ಹೆಸರೇ ಬರೆದಿಟ್ಟರೆ ನೀವು ಬೇಕೆಂದಾಗ ಮಾತ್ರ ದಾಟುತ್ತೀರಿ.

ಒಂದೇ ತಂತ್ರಾಂಶ ಕಾಟ ಕೊಡುತ್ತಿದ್ದರೆ ಅದರ ಆವೃತ್ತಿ ಸಂಖ್ಯೆ ಓದಿ. ಆರ್‌ಸಿ, ಬೀಟಾ, ಆಲ್ಫಾ, ಗಿಟ್ ಅನ್ನುವ ತುಣುಕುಗಳಿದ್ದರೆ ಅದು ಇನ್ನೂ ಮಾಗಿಲ್ಲ. ಬಿಪಿಓ12 ಅಂತ ಇದ್ದರೆ ಅದು ಬ್ಯಾಕ್‌ಪೋರ್ಟ್ಸ್: ಹೊಸ ತಂತ್ರಾಂಶವನ್ನು ಸ್ಟೇಬಲ್‌ಗೆ ಹೊಂದುವ ಹಾಗೆ ಮತ್ತೆ ಕಟ್ಟಿದ್ದು. ಅಂಗಡಿಯ ಹುಡುಗನಿಗೆ ಬೇಕಾಗಿದ್ದ ಹೊಸ ಲಿಬ್ರೆಆಫೀಸ್ ಬ್ಯಾಕ್‌ಪೋರ್ಟ್ಸ್‌ನಲ್ಲೇ ಸಿಗುತ್ತಿತ್ತು. ದಾರಿ ಇತ್ತು, ತೋರಿಸುವವರು ಇರಲಿಲ್ಲ. ನಾನೇ ಮೊದಲೇ ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಸ್ಟೇಬಲ್ ಅಂತ ಖಚಿತವಾದರೆ

ಹಾಗಾದರೆ ಸಾಫ್ಟ್‌ವೇರ್ ಮೇಲೆ ಕೊನೆಗೆ ಅನುಮಾನಪಡಿ. ಇದಕ್ಕೆ ಒಂದು ಅಕ್ಕಿ ಗಿರಣಿಯ ಆಫೀಸು ನನಗೆ ಪಾಠ. ಅಲ್ಲಿ ಉಬುಂಟು 22.04 ಇತ್ತು. ಏಪ್ರಿಲ್ ತಿಂಗಳಿನಲ್ಲಿ ದಿನಾ ಮಧ್ಯಾಹ್ನ ಎರಡರ ಹೊತ್ತಿಗೆ ಮೆಷಿನ್ ಆಮೆಯಾಗುತ್ತಿತ್ತು, ಆಮೇಲೆ ತಾನೇ ಆರಿ ಹೋಗುತ್ತಿತ್ತು. ಲಿನಕ್ಸ್ ತೆಗೆದುಬಿಡಿ ಅಂತ ಮಾಲೀಕರು ಹೇಳಿಬಿಟ್ಟಿದ್ದರು.

ಮೂರು ಪರೀಕ್ಷೆಯೂ ಶುದ್ಧ ಎಲ್‌ಟಿಎಸ್ ಅಂದವು. ಪಿಪಿಎ ಅನ್ನುವ ಹೊರಗಿನ ಪ್ಯಾಕೇಜ್ ಕಣಜ ಒಂದೂ ಇರಲಿಲ್ಲ. ಹಿಸ್ಟರಿ ಫೈಲಿನಲ್ಲಿ ಆ ವಾರ ಅನುಮಾನ ಬರುವಂಥದ್ದೇನೂ ಇರಲಿಲ್ಲ. ಆಗ “ಜರ್ನಲ್‌ಸಿಟಿಎಲ್” ಕೊಟ್ಟು, ಅಡ್ಡಗೆರೆ ಬಿ, ಮತ್ತೆ ಅಡ್ಡಗೆರೆ ಒಂದು ಅಂತ ಹಿಂದಿನ ಬೂಟ್‌ನ ದಾಖಲೆ ತೆಗೆದೆ. ಕೊನೆಯ ಪುಟದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಒಂದೇ ಮಾತನ್ನು ಮತ್ತೆ ಮತ್ತೆ ಬರೆದಿತ್ತು: ತಾಪಮಾನ ಮಿತಿ ದಾಟಿದೆ, ಸಿಪಿಯು ವೇಗ ತಗ್ಗಿಸಿದ್ದೇನೆ.

ಕ್ಯಾಬಿನೆಟ್ ಬಿಚ್ಚಿದೆವು. ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಭತ್ತದ ಹೊಟ್ಟಿನ ಧೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ಬೆರಳಿನಿಂದ ಎಳೆದರೆ ಚೌಕ ಚೌಕವಾಗಿ ಎದ್ದು ಬಂತು. ಬ್ಲೋಯರ್ ಹಿಡಿದು ಊದಿ, ಹೊಸ ಪೇಸ್ಟ್ ಹಚ್ಚಿದ ಮೇಲೆ ಮೆಷಿನ್ ಮತ್ತೆ ನಿಂತಿಲ್ಲ. ಅದೇನಾದರೂ ಡೆವಲಪ್‌ಮೆಂಟ್ ಬಿಲ್ಡ್ ಆಗಿದ್ದರೆ ನಾನು ಎರಡು ದಿನ ಕರ್ನಲ್ ಬದಲಿಸುತ್ತಾ ಕೂತಿರುತ್ತಿದ್ದೆ.

ಹೊಟ್ಟು, ಬಿಸಿಲು, ಏರಿಳಿಯುವ ಕರೆಂಟ್ ನಮ್ಮ ಕಡೆ ಇದ್ದದ್ದೇ. ಡಿಸ್ಕ್ ತುಂಬಿದೆಯಾ ಅಂತ “ಡಿಎಫ್” ಕೊಟ್ಟು ನೋಡಿ. ಕರ್ನಲ್ ಅಪ್‌ಡೇಟ್ ಆದ ಮೇಲೆ ಪರದೆ ಹೋಗಿದ್ದರೆ, ಬೂಟ್ ಆಗುವಾಗ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಇರುತ್ತದೆ, ಅದರಿಂದ ಏಳಿಸಿ. ಎದ್ದರೆ “ಡಿಕೆಎಂಎಸ್ ಸ್ಟೇಟಸ್” ನೋಡಿ. ಹೊರಗಿನ ಗ್ರಾಫಿಕ್ಸ್ ಡ್ರೈವರ್ ಹೊಸ ಕರ್ನಲ್‌ಗೆ ಕಟ್ಟಿಕೊಂಡಿಲ್ಲದಿರುವುದೇ ಬಹಳ ಸಲ ಕಾರಣ. ಏನೂ ಹೊಳೆಯದಿದ್ದರೆ ಸ್ಟೇಬಲ್‌ನ ಲೈವ್ ಯುಎಸ್‌ಬಿ ಹಾಕಿ ಒಂದು ತಾಸು ಓಡಿಸಿ. ಅದರಲ್ಲೂ ಕೆಟ್ಟರೆ ಹಾರ್ಡ್‌ವೇರ್ ಕಡೆ ನೋಡಬೇಕು.

ಡೆವಲಪ್‌ಮೆಂಟ್ ಬಿಲ್ಡ್ ಅಂತ ಗೊತ್ತಾದರೆ

ಇಲ್ಲಿ ಮೊದಲ ಕೆಲಸ ಕೈ ಕಟ್ಟಿ ಕೂರುವುದು. ನಿಜವಾಗಲೂ. ತುಂಬಾ ದೋಷಗಳು ಎರಡು ಮೂರು ದಿನದಲ್ಲಿ ಹೊಸ ಅಪ್‌ಡೇಟ್ ಬಂದು ತಾವೇ ಹೋಗುತ್ತವೆ. ಆ ನಡುವೆ ನೀವು ಒತ್ತಾಯ ಮಾಡಿ ಬದಲಿಸಿದ್ದು ಮಾತ್ರ ಉಳಿದುಕೊಂಡು ಮುಂದೆ ಕಾಟ ಕೊಡುತ್ತದೆ.

ಟಿ64 ವಿಷಯವನ್ನೇ ನೋಡಿ. ಲಿನಕ್ಸ್ ಹೊತ್ತನ್ನು 1970ರ ಜನವರಿ 1ರಿಂದ ಸೆಕೆಂಡ್‌ಗಳಲ್ಲಿ ಎಣಿಸುತ್ತದೆ. 32 ಬಿಟ್‌ನ ಡಬ್ಬಿಯಲ್ಲಿ ಆ ಎಣಿಕೆ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆ. ಅದಕ್ಕೆ ಡೆಬಿಯನ್‌ನವರು ಆ ಡಬ್ಬಿಯನ್ನು 64 ಬಿಟ್‌ಗೆ ಹಿಗ್ಗಿಸಿದರು. ಹೊಂದದ ಲೈಬ್ರರಿಗಳು ಒಂದಕ್ಕೊಂದು ಬೆರೆಯಬಾರದು ಅಂತ ಹೆಸರಿಗೆ ಟಿ64 ಸೇರಿಸಿದರು. 2024ರ ಫೆಬ್ರವರಿ ಕೊನೆಯಿಂದ ವಾರಗಟ್ಟಲೆ ಅನ್‌ಸ್ಟೇಬಲ್‌ನಲ್ಲಿ ಅರ್ಧ ಪ್ಯಾಕೇಜ್‌ಗಳು ಹೊಸ ಹೆಸರಿಗೆ ಕಟ್ಟಿಕೊಂಡಿದ್ದವು, ಇನ್ನರ್ಧ ಹಳೆಯದಕ್ಕೇ ಅಂಟಿಕೊಂಡಿದ್ದವು. ಎರಡನ್ನೂ ಇಡಲು ಆಗದೆ ಎಪಿಟಿ ಒಂದು ಕಡೆಯವನ್ನು ತೆಗೆಯಲು ಹೊರಟಿತು. ಇದರಲ್ಲಿ ಡೆಬಿಯನ್‌ನವರ ತಪ್ಪೇನಿಲ್ಲ. ಇಂಥ ಕೆಲಸ ಮಾಡಲೆಂದೇ ಆ ಜಾಗ ಇರುವುದು. ಗಿರಾಕಿ ಕಾಯುವ ಅಂಗಡಿ ಮೆಷಿನ್ ಅಲ್ಲಿ ಇರಬಾರದಿತ್ತು.

ಅದಕ್ಕೇ ಬರೀ “ಎಪಿಟಿ ಅಪ್‌ಗ್ರೇಡ್” ಬಳಸಿ. ಅದು ಇರುವ ಪ್ಯಾಕೇಜನ್ನು ತೆಗೆಯುವುದಿಲ್ಲ, ಆಗದ್ದನ್ನು ತಡೆದಿಡುತ್ತದೆ. ತಡೆದಿಟ್ಟ ಪಟ್ಟಿ ಉದ್ದವಾಗಿದ್ದರೆ ಏನೋ ದೊಡ್ಡ ಬದಲಾವಣೆ ನಡೆದಿದೆ, ಒಂದು ವಾರ ಬಿಟ್ಟು ಬನ್ನಿ. “ಫುಲ್-ಅಪ್‌ಗ್ರೇಡ್” ಕೊಡಲೇಬೇಕಾದರೆ, ವೈ ಒತ್ತುವ ಮೊದಲು ತೆಗೆಯುವ ಪಟ್ಟಿಯನ್ನು ಒಂದೊಂದೇ ಹೆಸರು ಓದಿ.

ನಿಧಾನ ಅನ್ನಿಸುವುದೂ ಎಲ್ಲಾ ಸಲ ದೋಷವಲ್ಲ. ರಾಹೈಡ್‌ನ ಎಷ್ಟೋ ಕರ್ನಲ್‌ಗಳಲ್ಲಿ ತಪ್ಪು ಹಿಡಿಯುವ ಡೀಬಗ್ ತಪಾಸಣೆಗಳನ್ನು ಬೇಕೆಂದೇ ಆನ್ ಮಾಡಿರುತ್ತಾರೆ.

ಸಿಡ್‌ಗಿಂತ ಟೆಸ್ಟಿಂಗ್ ಸುರಕ್ಷಿತ ಅನ್ನುವವರಿದ್ದಾರೆ. ಒಡೆಯುವುದು ಕಮ್ಮಿ, ಅದು ನಿಜ. ಆದರೆ ಭದ್ರತೆಯ ತಿದ್ದುಪಡಿ ಸಾಮಾನ್ಯವಾಗಿ ಸಿಡ್ ಮೂಲಕ ಹಾದು ತಡವಾಗಿ ಬರುತ್ತದೆ. ಅದರಲ್ಲೂ ಫ್ರೀಜ್ ಇಲ್ಲದ ಕಾಲದಲ್ಲಿ ಟೆಸ್ಟಿಂಗ್ ಅನ್ನು ಅರ್ಧ ಸ್ಟೇಬಲ್ ಅಂತ ನಂಬಿ ಅಂಗಡಿಗೆ ಹಾಕಬೇಡಿ.

ಇದು ಬರೀ ಮಾತಲ್ಲ ಅಂತ ಆ ತಿಂಗಳ ಕೊನೆಯಲ್ಲೇ ಗೊತ್ತಾಯಿತು. ಅವತ್ತು ಅಂಗಡಿ ಕೆಲಸ ನಿಲ್ಲಬಾರದು ಅಂತ ನಾನು ಕಪ್ಪು ಪರದೆಯಿಂದಲೇ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮತ್ತೆ ಹಾಕಿ, ಲಿಬ್ರೆಆಫೀಸ್ ಎಬ್ಬಿಸಿ, ಮೆಷಿನ್ ಅನ್ನು ಸಿಡ್ ಮೇಲೇ ಬಿಟ್ಟು ಬಂದಿದ್ದೆ. ಮಾರ್ಚ್ 29ರ ಶುಕ್ರವಾರ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಒಂದು ವಿಷಯ ಹೊರಹಾಕಿದರು. ಅವರ ಡೆಬಿಯನ್ ಸಿಡ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಮೆಷಿನ್‌ನಿಂದ ಒಳಬರುವ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿತ್ತು. ಕೆದಕಿದಾಗ ಎಕ್ಸ್‌ಜೆಡ್ ಅನ್ನುವ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಡೆಬಿಯನ್‌ನ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್, ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್‌ಗೆ ಆ ಆವೃತ್ತಿ ಆಗಲೇ ಇಳಿದಿತ್ತು. ಡೆಬಿಯನ್ ಸ್ಟೇಬಲ್ 5.4.1ರಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಉಬುಂಟು 24.04ರ ಬೀಟಾವನ್ನೇ ಒಂದು ವಾರ ಮುಂದೂಡಿದರು.

ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿದ್ದೆ. “ಎಕ್ಸ್‌ಜೆಡ್” ಹೊಡೆದು ಆವೃತ್ತಿ ಕೇಳಿದೆ. 5.6.0. ಎಸ್‌ಎಸ್‌ಎಚ್ ಸರ್ವರ್ ಅದರಲ್ಲಿ ಇರಲಿಲ್ಲ, ಆ ಬಾಗಿಲಿನಿಂದ ಯಾರೂ ಬಂದಿರಲಾರರು. ಆದರೂ ಜನರ ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ ಇರುವ ಮೆಷಿನ್ ಅದು. ಅವತ್ತೇ ಪೂರ್ತಿ ಅಳಿಸಿದೆ. ಸಿಡ್‌ನಲ್ಲಿ ಡೆಬಿಯನ್‌ನವರು ಹಿಂದಕ್ಕೆ ತಂದ ಪ್ಯಾಕೇಜಿನ ಸಂಖ್ಯೆ “5.6.1+ರಿಯಲಿ5.4.5”. ಹೆಸರಿಗೆ 5.6.1, ಒಳಗೆ ಇರುವುದು ನಿಜವಾಗಿ 5.4.5 ಅಂತ. ಎಪಿಟಿ ತಾನಾಗಿ ಸಣ್ಣ ಸಂಖ್ಯೆಗೆ ಇಳಿಯುವುದಿಲ್ಲ. ಅದಕ್ಕೇ ಈ ಉಪಾಯ.

ಹಿಂದಕ್ಕೆ ಬರುವುದು

ಹಿಂದಕ್ಕೆ ಇಳಿಸುವುದನ್ನು ಡೆಬಿಯನ್ ಬೆಂಬಲಿಸುವುದಿಲ್ಲ. ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್‌ಗಳಿಗೆ ಮುಂದಕ್ಕೆ ಹೋಗುವುದು ಗೊತ್ತು, ಹಿಂದಕ್ಕೆ ಬರುವುದು ಗೊತ್ತಿಲ್ಲ. ಸಿಡ್ ಸಾಲನ್ನು ಅಳಿಸಿದ ಮಾತ್ರಕ್ಕೆ ಮೆಷಿನ್ ಸ್ಟೇಬಲ್ ಆಗುವುದಿಲ್ಲ. ಒಂದೆರಡು ಪ್ಯಾಕೇಜ್ ಮಾತ್ರ ಬೆರೆತಿದ್ದರೆ, “ಎಪಿಟಿ ಇನ್‌ಸ್ಟಾಲ್” ಕೊಟ್ಟು, ಪ್ಯಾಕೇಜ್ ಹೆಸರಿನ ಕೊನೆಗೆ ಸಮ ಚಿಹ್ನೆ ಹಾಕಿ ಸ್ಟೇಬಲ್‌ನ ಆವೃತ್ತಿ ಬರೆದು ಪ್ರಯತ್ನಿಸಬಹುದು. ಜಿಲಿಬ್‌ಸಿ ಬದಲಾಗಿದ್ದರೆ ಆ ಆಸೆ ಬಿಡಿ. ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ ಹೊಸದಾಗಿ ಹಾಕುವುದೇ ಕಡಿಮೆ ಹೊತ್ತಿನ ಕೆಲಸ. ಬೀಟಾ ಉಬುಂಟು ಹಾಕಿಕೊಂಡವರಿಗೆ ಈ ಕಷ್ಟ ಇಲ್ಲ. ಅಪ್‌ಡೇಟ್ ಮಾಡುತ್ತಾ ಬಂದರೆ ಬಿಡುಗಡೆಯ ದಿನ ಅದೇ ಸ್ಟೇಬಲ್ ಆಗುತ್ತದೆ.

ಕಡತ ಮರಳಿ ತರುವಾಗ ಒಂದು ಎಚ್ಚರ. ಹೋಮ್ ಫೋಲ್ಡರಿನ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳನ್ನು ಹಾಗೇ ತರಬೇಡಿ. ಹೊಸ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು ಹಳೆ ಫೈರ್‌ಫಾಕ್ಸ್ ತೆರೆಯಲು ಒಪ್ಪುವುದಿಲ್ಲ. ಬುಕ್‌ಮಾರ್ಕ್ ಮೊದಲೇ ಬೇರೆಯಾಗಿ ತೆಗೆದಿಟ್ಟುಕೊಳ್ಳಿ.

ಹಾಗಾದರೆ ಡೆವಲಪ್‌ಮೆಂಟ್ ಬಿಲ್ಡ್ ಯಾರಿಗೆ?

ನಮಗೇ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕನ್ನಡ ಅಕ್ಷರ ಒಡೆದು ಕಾಣುವುದು ಬೇರೆ ಭಾಷೆಯವರ ಕಣ್ಣಿಗೆ ಬೀಳುವುದಿಲ್ಲ. ಫ್ರೀಜ್ ಸಮಯದಲ್ಲಿ ನಾವು ನೋಡಿ ತಿಳಿಸದಿದ್ದರೆ ಆ ತಪ್ಪು ಹಾಗೇ ಸ್ಟೇಬಲ್‌ಗೆ ಇಳಿದು ವರ್ಷಗಟ್ಟಲೆ ಉಳಿಯುತ್ತದೆ.

ಕೆಲಸಕ್ಕೆ ಬಾರದ ಹಳೆ ಮೆಷಿನ್ ಸಾಕು. ಬೀಟಾ ಹಾಕಿ, ಕಗಪ ಕೀಲಿಮಣೆ ಆರಿಸಿ, ನಾಲ್ಕು ಪದ ಹೊಡೆಯಿರಿ. “ಸೂರ್ಯ” ಅಂದಾಗ ಅರ್ಕಾವತ್ತು ಬಲಕ್ಕೆ ಸರಿಯಾಗಿ ಕೂತಿತಾ? “ರ‍್ಯಾಂಕ್” ಅಂದಾಗ ರ ಮೇಲೆ ಉಳಿದು ಯ ಒತ್ತಾಗಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ, ಜೋಡಿಸುವ ಸಂಕೇತವೊಂದು ಬೇಕು, ಕೀಲಿಮಣೆ ಅದನ್ನು ಕೊಡುತ್ತಾ? “ರಾಷ್ಟ್ರ”, “ಸ್ತ್ರೀ” ಬರೆದು ಪಿಡಿಎಫ್ ಮಾಡಿ, ಮುದ್ರಿಸಿ ನೋಡಿ. ತಪ್ಪು ಕಂಡರೆ ಪ್ಯಾಕೇಜ್ ಹೆಸರು, ಅದರ ಪೂರ್ತಿ ಆವೃತ್ತಿ ಸಂಖ್ಯೆ, ಸರಿ ಚಿತ್ರ ಒಂದು, ತಪ್ಪು ಚಿತ್ರ ಒಂದು ಇಟ್ಟು ಆ ಡಿಸ್ಟ್ರೋದ (ಲಿನಕ್ಸ್ ಬಗೆಯ) ದೋಷ ದಾಖಲೆಗೆ ಕಳಿಸಿ. ಡೆಬಿಯನ್‌ನಲ್ಲಿ ಇದಕ್ಕೆ “ರಿಪೋರ್ಟ್‌ಬಗ್” ಅನ್ನುವ ಕಮಾಂಡೇ ಇದೆ.

ಅಂಗಡಿಯಲ್ಲಿ ಈಗ ಕೌಂಟರ್ ಮೇಲೆ ಡೆಬಿಯನ್ ಸ್ಟೇಬಲ್ ಇದೆ, ಸೋರ್ಸಸ್ ಫೈಲಿನಲ್ಲಿ ಕೋಡ್‌ನೇಮ್ ಮತ್ತು ಬ್ಯಾಕ್‌ಪೋರ್ಟ್ಸ್ ಸಾಲು ಮಾತ್ರ. ಮೇಜಿನ ಕೆಳಗೆ ಹಳೆಯ ಎರಡು ಜಿಬಿಯ ಮೆಷಿನ್ ಮೇಲೆ ಟೆಸ್ಟಿಂಗ್ ಓಡುತ್ತಿದೆ. ಭಾನುವಾರ ಗಿರಾಕಿ ಕಮ್ಮಿ ಇದ್ದಾಗ ಆ ಹುಡುಗ ಅದನ್ನು ಆನ್ ಮಾಡಿ, ಫುಲ್-ಅಪ್‌ಗ್ರೇಡ್ ಕೊಟ್ಟು, ತೆಗೆಯುವ ಪಟ್ಟಿಯನ್ನು ಬಾಯಿಬಿಟ್ಟು ಓದುತ್ತಾನೆ. ಆಮೇಲೆ ಒಂದು ವಾಸಸ್ಥಳ ದೃಢೀಕರಣದ ಅರ್ಜಿಯನ್ನು ಮೊದಲಿನಿಂದ ಕೊನೆತನಕ ಟೈಪ್ ಮಾಡಿ, ಮುದ್ರಿಸಿ, ಒತ್ತಕ್ಷರಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಾ ಹೋಗುತ್ತಾನೆ.